ಕೋವಿಯ ಬಾಯಿಗೆ ದಾಸವಾಳ

ನಗುವುದಿದ್ದರೆ ಈಗಲೇ ನಕ್ಕು ಮುಗಿಸಿ. ಕತೆ ಮುಗಿಯುವಾಗ ನಗಬೇಡಿ, ಜಲಜಕ್ಕನಿಗೆ ಬೇಸರ ಆಗ್ತದೆ. ಅವಳು ಪಟ್ಟ ಬೇಸರ ಅವಳಿಗೆ ಸಾಕು, ನಾವು ಬೇರೆ ಅದಕ್ಕೆ ಸೇರಿಸುವುದು ಬೇಡ.

ಒಂದು ಬಂದರಿನ ಊರು. ಅಲ್ಲಿ ಹಳೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಕೋಣೆಗೊಂದು ಶಟರು, ಶಟರಿನ ಒಳಗೆ ಜಲಜಕ್ಕನ ವಿಡಿಯೋ ಗೇಮಿನ ಅಂಗಡಿ. ಅಂಗಡಿ ಅಂದರೆ ಎಂತ, ಒಂದು ಹಳೆ ಡಬ್ಬ ಟಿವಿ, ಅದರ ಕೆಳಗೊಂದು ಗೇಮಿನ ಪೆಟ್ಟಿಗೆ, ಪೆಟ್ಟಿಗೆಯಿಂದ ವಯರಿನಲ್ಲಿ ನೇತಾಡುವ ಎರಡು ಪ್ಲಾಸ್ಟಿಕ್ ಕೋವಿ. ಟಿವಿಯಲ್ಲಿ ಬಾತುಕೋಳಿ ಹಾರುತ್ತದೆ, ಮಕ್ಕಳು ಗುರಿ ಇಟ್ಟು ಟ್ರಿಗರ್ ಎಳೆಯುತ್ತಾರೆ, ಬಾತುಕೋಳಿ ಟಪ್ಪಂತ ಬೀಳುತ್ತದೆ. ಇಷ್ಟೇ. ಇಷ್ಟರಲ್ಲೇ ಜಲಜಕ್ಕನ ಒಲೆ ಉರಿಯುತ್ತಿತ್ತು.

ಆ ಕೋವಿಯಿಂದ ಗುಂಡು ಹೋಗುವುದಿಲ್ಲ, ನೀರು ಹೋಗುವುದಿಲ್ಲ, ಗಾಳಿ ಕೂಡ ಹೋಗುವುದಿಲ್ಲ. ಅದರ ಬಾಯಿಯ ಒಳಗೆ ಕಡಲೆಕಾಳಿನಷ್ಟು ದೊಡ್ಡ ಒಂದು ಗಾಜಿನ ಕಣ್ಣುಂಟು. ಟಿವಿಯ ಬೆಳಕು ಆ ಕಣ್ಣಿಗೆ ಕಂಡರೆ ಬಾತುಕೋಳಿ ಸತ್ತಿತು ಅಂತ ಲೆಕ್ಕ. ಕಾಣದಿದ್ದರೆ ಬಾತುಕೋಳಿ ಬದುಕಿತು. ಇದೊಂದನ್ನು ನೆನಪಿಟ್ಟುಕೊಳ್ಳಿ. ದೂಮ ಇಟ್ಟುಕೊಳ್ಳಲಿಲ್ಲ.

ದೂಮ ಅಂದರೆ ದೂಮಣ್ಣ, ಜಲಜಕ್ಕನ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬರುವುದು ಬಾಕಿ ಇತ್ತು. ಗಲ್ಫಿನಲ್ಲಿ ದುಡಿದು ಬಂದ ಗಂಡ ತೀರಿಕೊಳ್ಳುವಾಗ ಜಲಜಕ್ಕನಿಗೆ ಬಿಟ್ಟುಹೋದದ್ದು ಎರಡೇ, ಆ ಯಂತ್ರ ಮತ್ತು ಈ ಮಗ. ಯಂತ್ರ ಹೇಳಿದ ಹಾಗೆ ಕೇಳುತ್ತಿತ್ತು. ದೂಮನೂ ಹೇಳಿದ ಹಾಗೆ ಕೇಳುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಒಮ್ಮೆ ಏನಾಯಿತು, ಎರಡು ಕೋವಿಯೂ ಕೆಟ್ಟು ಕೂತವು. ಅಂಥ ಕೋವಿ ಈಗ ಯಾವ ಅಂಗಡಿಯಲ್ಲೂ ಇಲ್ಲ. ಶಾರ್ಜಾದಲ್ಲಿರುವ ಗಂಡನ ದೋಸ್ತಿ ಅಬೂಬಕ್ಕರ್ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ ನಾಲ್ಕು ಕೋವಿ ಹುಡುಕಿ ಹಡಗಿನಲ್ಲಿ ಕಳಿಸಿಕೊಟ್ಟ. ಪಾರ್ಸೆಲ್ ಬಂತು. ಬಂದದ್ದು ಕಸ್ಟಮ್ಸಿನ ಗೋದಾಮಿನಲ್ಲಿ ಕೂತಿತು. ಮೇಲೆ ಕೋವಿ ಅಂತ ಬರೆದಿದೆಯಲ್ಲ, ಬಿಡ್ತಾರಾ?

ಇತ್ತ ಕಟ್ಟಡದ ಧಣಿ ಸಂಜೀವ ರೈಗಳು ಬಂದು ಹೇಳಿದರು: "ಜಲಜಕ್ಕ, ಶಾಲೆಗೆ ರಜೆ ಸಿಗುವ ದಿನ ಈ ಕೋಣೆಯಲ್ಲಿ ಮಕ್ಕಳ ಗಲಾಟೆ ಕೇಳ್ಬೇಕು. ಕೇಳದಿದ್ರೆ ಕೋಣೆ ಕೋಳಿಯವನಿಗೆ. ಅವ ದಿನಾ ಬಂದು ಕೇಳ್ತಾನೆ, ನಾನೆಷ್ಟು ಅಂತ ತಡೀಲಿ?"

ಜಲಜಕ್ಕನ ಮೊಣಕಾಲು ಬಾತು ಕುಂಬಳಕಾಯಿ ಆಗಿತ್ತು. ಕಾಲು ನೆಲಕ್ಕೆ ಊರಬೇಡಿ ಅಂದಿದ್ದರು ಡಾಕ್ಟ್ರು. ಹಾಗಾದರೆ ಕಸ್ಟಮ್ಸಿಗೆ ಹೋಗುವುದು ಯಾರು? ದೂಮ. ಬೇರೆ ಯಾರಿದ್ದಾರೆ?

"ದೂಮ, ಸರಿ ಕೇಳು. ಅದು ಸರ್ಕಾರದ ಜಾಗ. ಅಲ್ಲಿ ಸುಳ್ಳು ನಡೆಯುದಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಒಂದೂ ಬಿಡ್ಬೇಡ, ಒಂದೂ ಮುಚ್ಚಿಡ್ಬೇಡ."

"ಆಯ್ತು ಅಮ್ಮ."

ಹೋದ. ಕಸ್ಟಮ್ಸಿನ ಗೇಟಿನಲ್ಲಿ ಪಾರಾ ನಿಂತಿದ್ದವನು ಮಾಚಯ್ಯ, ಕೊಡಗಿನವನು, ಮಿಲಿಟರಿಯಿಂದ ಬಂದವನು. ಹೆಗಲ ಮೇಲೆ ನಿಜವಾದ ಕೋವಿ.

"ಏನು ಬೇಕು?"

"ಕೋವಿ."

"ಯಾರ ಕೋವಿ?"

"ಅಮ್ಮಂದು. ನಾಲ್ಕು ಬಂದಿದೆ. ಮೊದಲು ಎರಡಿತ್ತು, ಹೊಡೆದು ಹೊಡೆದು ಹಾಳಾಯ್ತು."

ಮಾಚಯ್ಯ ನೆಟ್ಟಗೆ ನಿಂತ. "ಏನನ್ನು ಹೊಡೆದು?"

"ಬಾತುಕೋಳಿ. ಒಮ್ಮೊಮ್ಮೆ ಮನುಷ್ಯರನ್ನು ಸಹ."

"ಹೊಡೆಯೋದು ಯಾರು?"

"ಮಕ್ಕಳು. ಶಾಲೆ ಬಿಟ್ಟ ಮೇಲೆ ಬರ್ತಾರೆ. ಅಮ್ಮ ಗುರಿ ಇಡ್ಲಿಕ್ಕೆ ಹೇಳಿಕೊಡ್ತಾಳೆ. ಮನುಷ್ಯರನ್ನು ಹೊಡೆಯುದು ಬೇರೆ ಕ್ಯಾಸೆಟ್."

ಕೊನೆಯ ಮಾತು ಮಾಚಯ್ಯನ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಅವನು ದೂಮನ ರಟ್ಟೆ ಹಿಡಿದಾಗಿತ್ತು. ಮಧ್ಯಾಹ್ನದವರೆಗೆ ಬೆಂಚಿನಲ್ಲಿ ಕೂರಿಸಿದರು, ಚಡ್ಡಿಯ ಕಿಸೆಯವರೆಗೆ ತಡಕಾಡಿದರು. ಕಡೆಗೆ ಒಳಗಿನ ಅಧಿಕಾರಿ, ಧಾರವಾಡದ ಇಂದುಮತಿ ಮೇಡಂ ಬಂದು, ಎರಡು ಮಾತು ಕೇಳಿ, ತಲೆ ಚಚ್ಚಿಕೊಂಡು ಬಿಡಿಸಿ ಕಳಿಸಿದರು.

ಮನೆಯಲ್ಲಿ ಜಲಜಕ್ಕ ತಲೆಗೆ ಕೈ ಹೊತ್ತಳು. "ಅಯ್ಯೋ ಮಗನೇ, ಕೋವಿ ಅಂತ ಯಾಕೆ ಹೇಳಿದ್ದು? ಹೊಡೀತೇವೆ ಅಂತ ಯಾಕೆ ಹೇಳಿದ್ದು? ಇನ್ನು ಆ ಶಬ್ದ ನಿನ್ನ ಬಾಯಲ್ಲಿ ಬರಬಾರದು. ಯಾರು ಕೇಳಿದ್ರೂ ಮಕ್ಕಳ ಆಟಿಕೆ ಅನ್ನು. ಹೆದರ್ಲಿಕ್ಕಿಲ್ಲ, ಬರೇ ಪ್ಲಾಸ್ಟಿಕ್ ಅನ್ನು. ಬೇಕಾದ್ರೆ ಕೈಯಲ್ಲಿ ತಟ್ಟಿ ತೋರಿಸು. ತಿಳೀತಾ?"

"ತಿಳೀತು ಅಮ್ಮ. ಆಟಿಕೆ. ಪ್ಲಾಸ್ಟಿಕ್. ತಟ್ಟುದು."

ಮಾರನೇ ದಿನ ಮತ್ತೆ ಹೋದ. ಮಾಚಯ್ಯ ದೂರದಿಂದಲೇ ನೋಡಿದ.

"ಮತ್ತೆ ಬಂದೆಯಾ? ನನ್ನ ಹೆಗಲ ಮೇಲೆ ಏನಿದೆ ಕಾಣ್ತಿದೆಯಾ ನಿನಗೆ?"

"ಕಾಣ್ತದೆ. ಮಕ್ಕಳ ಆಟಿಕೆ."

"ಏನಂದೆ?"

"ಹೆದರ್ಲಿಕ್ಕಿಲ್ಲ. ಬರೇ ಪ್ಲಾಸ್ಟಿಕ್." ಅಂದವನೇ ಕೈ ಚಾಚಿ ಮಾಚಯ್ಯನ ಕೋವಿಯ ನಳಿಗೆಯನ್ನು ಹಿಡಿದು ಟಕ ಟಕ ತಟ್ಟಿದ. ತೆಂಗಿನಕಾಯಿ ತಟ್ಟಿ ನೋಡುತ್ತಾರಲ್ಲ, ಹಾಗೆ.

ಗೇಟಿನ ಹತ್ತಿರ ಮೂಟೆ ಇಳಿಸುತ್ತಿದ್ದ ಕೂಲಿಗಳು ಮೂಟೆ ಬಿಟ್ಟು ನಕ್ಕರು. ಮಾಚಯ್ಯನ ಮುಖ ಕೆಂಪಾಯಿತು. ಕೊಡಗಿನವನ ಕೋವಿ ಅಂದರೆ ತಮಾಷೆಯಾ? ಅವನು ಸಣ್ಣವನಿರುವಾಗ ದೇವರ ದೀಪದ ಪಕ್ಕದಲ್ಲೇ ಕೋವಿ ಕಂಡು ಬೆಳೆದವನು. ಅವನು ಬಾಯಿ ತೆರೆಯುವ ಮೊದಲೇ ಇಂದುಮತಿ ಮೇಡಂ ಹೊರಗೆ ಬಂದದ್ದು ಪುಣ್ಯ.

"ನೋಡಪಾ, ನಿನ್ನ ಪಾರ್ಸೆಲ್ ಒಡದು ನೋಡೇನಿ. ಕರ್ರಗ ಅವ, ಥೇಟ್ ಖರೇ ಬಂದೂಕಿನ ಹಂಗ. ಹೊರಗ ಬಿಟ್ರ ಜನಾ ಹೆದರ್ತಾರ. ಅದಕ್ಕ ನಿಯಮ ಐತಿ. ಆಟಿಕಿ ಬಂದೂಕಿನ ಮೂತಿಗೆ ಕೇಸರಿ ಬಣ್ಣ ಇರಬೇಕು. ನಾಳೆ ಬಣ್ಣ ತಗೊಂಡ ಬಾ. ಕರೇ ಮೂತಿಗೆ ಹಚ್ಚು. ಆಮ್ಯಾಲೆ ಬಿಡೋದು ನೋಡೂಣು."

ದೂಮ ಮನೆಗೆ ಬಂದು ವರದಿ ಒಪ್ಪಿಸಿದ. ತಟ್ಟಿದ್ದನ್ನೂ ಹೇಳಿದ. ಜಲಜಕ್ಕ ಕೂತಲ್ಲಿಂದಲೇ ಕೂಗಿದಳು.

"ಪಾರಾದವನ ಕೋವಿಗೆ ಕೈ ಹಾಕಿದ್ಯಾ? ಅವ ಗುಂಡು ಹೊಡೆದಿದ್ರೆ? ನಿನ್ನನ್ನು ಹೆತ್ತು ನಾನು ಎಂತ ಪಾಪ ಮಾಡಿದೆ ಮಾರಾಯ! ಇನ್ನು ನೀನು ಮಾತಾಡುದೇ ಬೇಡ. ಬಾಯಿ ಬಿಡ್ಬೇಡ, ಯಾರನ್ನೂ ಎಂತದೂ ಕೇಳ್ಬೇಡ. ಸುಮ್ಮನೆ ಹೋಗು, ಕಪ್ಪು ಮೂತಿ ಕಂಡಲ್ಲಿ ಬಣ್ಣ ಹಚ್ಚು, ಬಾ."

"ಆಯ್ತು. ಕಪ್ಪು ಮೂತಿ ಕಂಡಲ್ಲಿ ಹಚ್ಚುದು."

ನೆರೆಮನೆಯವರಿಗೆ ದೋಣಿಗೆ ಬಣ್ಣ ಹೊಡೆಯುವ ಕೆಲಸ. ಅವರ ಹತ್ತಿರ ಜಲಜಕ್ಕ ಕೇಸರಿ ಬಣ್ಣದ ಡಬ್ಬ ಮತ್ತು ಬ್ರಶ್ಶು ಬೇಡಿ ತರಿಸಿದಳು. ಅವರು ತಮ್ಮ ಚೀಲವನ್ನೇ ಕೊಟ್ಟರು. ಚೀಲದ ತಳದಲ್ಲಿ ದೋಣಿಯ ಬಿರುಕು ಮುಚ್ಚುವ ಪುಟ್ಟಿಯ ಒಂದು ಉಂಡೆಯೂ ಇತ್ತು. ಅದು ಸಮುದ್ರದ ನೀರಿಗೂ ಜಗ್ಗದ ಪುಟ್ಟಿ. ಅದನ್ನು ಯಾರೂ ಗಮನಿಸಲಿಲ್ಲ.

ದೂಮ ಗೇಟಿಗೆ ಹೋದಾಗ ಮಧ್ಯಾಹ್ನ. ಮಾಚಯ್ಯ ಕೋವಿಯನ್ನು ಗೋಡೆಗೆ ಒರಗಿಸಿ, ಬುತ್ತಿ ಬಿಚ್ಚಿ ಕಡಂಬುಟ್ಟು ತಿಂದು, ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದ. ದೂಮ ನೋಡಿದ. ಗೋಡೆಗೆ ಒರಗಿ ಒಂದು ಕೋವಿ. ಕೋವಿಗೆ ಒಂದು ಮೂತಿ. ಮೂತಿ ಕಪ್ಪು.

ಅವನು ಬಾಯಿ ಬಿಡಲಿಲ್ಲ. ಯಾರನ್ನೂ ಎಂತದೂ ಕೇಳಲಿಲ್ಲ. ಸುಮ್ಮನೆ ಡಬ್ಬ ತೆಗೆದ, ಬ್ರಶ್ಶು ಅದ್ದಿದ, ಹಚ್ಚಿದ. ಅದರ ಮೇಲೆ ಇನ್ನೊಂದು ಕೋಟಿಂಗೂ ಹಚ್ಚಿದ. ಹೇಳಿದ ಕೆಲಸ ಅಚ್ಚುಕಟ್ಟು ಮಾಡುವವನು ಅವನು, ಆ ಮಾತಿನಲ್ಲಿ ಅನುಮಾನ ಬೇಡ.

ಮಾಚಯ್ಯ ಬಂದ. ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಬೆಂಚಿನ ಮೇಲೆ ಕೂತು ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಅಷ್ಟು ದೊಡ್ಡ ಆಸಾಮಿಯ ಕಣ್ಣಲ್ಲಿ ನೀರು.

"ಸಂಜೆ ಪಾರಾ ಬದಲಾಗುವಾಗ ಇದನ್ನು ಯಾವ ಮುಖದಲ್ಲಿ ಒಪ್ಪಿಸಲಿ?" ಅಂದ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿದ, ಉಜ್ಜಿದ. ಉಜ್ಜುತ್ತಲೇ ದೂಮನಿಗೆ ಹೇಳಿದ: "ಕೇಳಯ್ಯ. ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ಒಂದು ಹೂ ಇಡ್ತೇವೆ. ಅವತ್ತು ಅದಕ್ಕೆ ಯಾರೂ ಹೆದರೋದಿಲ್ಲ, ಸಣ್ಣ ಮಗು ಕೂಡ ಬಂದು ಕೈ ಮುಗೀತದೆ. ಹೂ ಇಡ್ತೇವೆ ಕಣಯ್ಯ, ದೋಣಿಯ ಬಣ್ಣ ಅಲ್ಲ."

ದೂಮ ತಲೆಯಾಡಿಸಿದ. ಬಾಯಿಗೆ ಹೂ, ಯಾರೂ ಹೆದರುವುದಿಲ್ಲ. ಒಳ್ಳೆಯ ಮಾತು ಕಿವಿಗೆ ಬಿದ್ದರೆ ಅವನು ಬಿಡುವವನಲ್ಲ.

ಇಂದುಮತಿ ಮೇಡಂಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ನನ್ನ ನಿಯಮದ ಪ್ರಕಾರ ಈಗ ಮಾಚಯ್ಯನ ಬಂದೂಕು ಆಟಿಕಿ ಆತು. ಬ್ಯಾಡಪಾ, ಬಣ್ಣದ ದಾರಿ ನಿನಗ ಬ್ಯಾಡ. ನಿಮ್ಮ ಟಿವಿ, ಗೇಮಿನ ಪೆಟ್ಟಿಗಿ ಎರಡೂ ಇಲ್ಲಿ ತಗೊಂಡ ಬಾ. ಹಚ್ಚಿ ತೋರಸು. ಅದು ಗೇಮಿನ ಸಾಮಾನು ಅಂತ ನನ್ನ ಕಣ್ಣಿಗೆ ಕಂಡ್ರ, ಅದು ಆಟಿಕಿ ಬಂದೂಕೂ ಅಲ್ಲ, ಖರೇ ಬಂದೂಕೂ ಅಲ್ಲ. ಯಾವ ಬಣ್ಣಾನೂ ಬೇಕಿಲ್ಲ."

ಜಲಜಕ್ಕನಿಗೆ ಜೀವ ಬಂದ ಹಾಗಾಯಿತು. ಆದರೂ ಬೈಯದೆ ಹೇಗೆ ಬಿಟ್ಟಾಳು?

"ನಿಜವಾದ ಕೋವಿಗೆ ಬಣ್ಣ ಹಚ್ಚಿದ್ಯಲ್ಲ ಬೆಪ್ಪೇ! ಪಾಪ ಆ ಮನುಷ್ಯ! ಇನ್ನು ನಿಜವಾದ ಕೋವಿ ಕಂಡ್ರೆ ಎರಡೂ ಕೈ ಮೇಲೆ ಎತ್ತು. ಎತ್ತಿ ಅಲ್ಲೇ ನಿಲ್ಲು. ಅವ ಹೋಗು ಅನ್ನುವವರೆಗೆ ಒಂದು ಕೈಯೂ ಕೆಳಗೆ ಬರಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು. ಎರಡೂ ಕೈ ಮೇಲೆ."

ನಿಮಗೀಗಲೇ ಗೊತ್ತಾಯಿತು ಅಂತ ಕಾಣ್ತದೆ. ಜಲಜಕ್ಕನಿಗೆ ಗೊತ್ತಾಗಲಿಲ್ಲ. ತಾಯಿಯ ಜೀವ, ಈ ಸಲ ಸರಿಯಾದೀತು ಅಂತಲೇ ಪ್ರತಿ ಸಲ ಅಂದುಕೊಳ್ಳುತ್ತದೆ.

ರಿಕ್ಷಾದಲ್ಲಿ ಟಿವಿ ಏರಿಸಿದರು. ರಿಕ್ಷಾದವನು ಟಿವಿಯನ್ನು ಹೊತ್ತು ಒಳಗಿಟ್ಟು ಬಂದ. ದೂಮ ಗೇಮಿನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಗೇಟು ದಾಟುತ್ತಿದ್ದ. ಎದುರಿಗೆ ಮಾಚಯ್ಯ. ಹೆಗಲ ಮೇಲೆ ಕೋವಿ, ಉಜ್ಜಿ ಉಜ್ಜಿ ಫಳಫಳ ಅನ್ನುವ ಕೋವಿ.

ದೂಮ ಎರಡೂ ಕೈ ಮೇಲೆತ್ತಿದ.

ಪೆಟ್ಟಿಗೆ ಬಿತ್ತು. ಬಿದ್ದದ್ದು ಕಲ್ಲಿನ ಮೇಲಲ್ಲ, ಪಕ್ಕದ ದಾಸವಾಳದ ಗಿಡದ ಮೇಲೆ. ಗಿಡ ಅದನ್ನು ತೊಟ್ಟಿಲಿನ ಹಾಗೆ ಹಿಡಿದುಕೊಂಡಿತು. ಜಲಜಕ್ಕ ಯಾವತ್ತೋ ಯಾವ ದೇವರಿಗೋ ಮುಗಿದ ಕೈ ಅವತ್ತು ಕೆಲಸಕ್ಕೆ ಬಂತು. ಮಾಚಯ್ಯ ಓಡಿಹೋಗಿ ಪೆಟ್ಟಿಗೆ ಎತ್ತಿ, ಧೂಳು ಕೊಡವಿ, ತಾನೇ ಒಳಗೆ ತಂದಿಟ್ಟ. ದೂಮ ಕೈ ಎತ್ತಿಕೊಂಡು ಗೇಟಿನಲ್ಲೇ ನಿಂತಿದ್ದ. "ಹೋಗಯ್ಯ ಒಳಗೆ" ಅಂತ ಮಾಚಯ್ಯ ಅಂದ ಮೇಲೆ ಕೈ ಇಳಿಯಿತು.

ವಯರು ಸಿಕ್ಕಿಸಿದರು. ಟಿವಿ ಹೊತ್ತಿಕೊಂಡಿತು. ನೀಲಿ ಆಕಾಶ, ಹಸಿರು ಹುಲ್ಲು, ಹುಲ್ಲಿನಿಂದ ಬಾತುಕೋಳಿ ಪುರ್ರಂತ ಎದ್ದಿತು. ಇಂದುಮತಿ ಮೇಡಂ ಕೋವಿ ಹಿಡಿದರು, ಒಂದು ಬಿತ್ತು. ಇನ್ನೊಂದು ಬಿತ್ತು. ಮೇಡಂ ಕುರ್ಚಿ ಎಳೆದು ಕೂತರು. ಕೂಲಿಗಳು ಬಂದರು, ಗುಮಾಸ್ತರು ಬಂದರು. ಕಡೆಗೆ ಮಾಚಯ್ಯನೂ ಬಂದು ಒಂದು ಕಣ್ಣು ಮುಚ್ಚಿ ಹೊಡೆದ ನೋಡಿ, ಒಂದೂ ತಪ್ಪಲಿಲ್ಲ. ಆ ಗೋದಾಮಿನಲ್ಲಿ ಅಷ್ಟು ನಗು ಎಂದೂ ಕೇಳಿರಲಿಲ್ಲ. ದೂಮ ಎಲ್ಲರನ್ನೂ ನೋಡಿ ಹಲ್ಲು ಬಿಡುತ್ತಿದ್ದ.

"ಮುಗೀತು. ಇದರಿಂದ ಏನೂ ಹೊರಗ ಹೋಗೂದಿಲ್ಲ, ಬೆಳಕು ಒಳಗ ಬರ್ತದ ಅಷ್ಟ," ಅಂದರು ಮೇಡಂ. "ಮೂರು ತಗೊಂಡ ಹೋಗು. ಒಂದು ನಮೂನೆಗೆ ಅಂತ ನಮ್ಮ ಹತ್ರ ಇರ್ತದ, ದೊಡ್ಡ ಆಫೀಸಿನವರು ನೋಡಿದ ಮ್ಯಾಲೆ ಅದನ್ನೂ ಕೊಡತೀವಿ. ಆದ್ರ ದಾರ್ಯಾಗ ಹುಷಾರು. ನೋಡಿದವರು ಹೆದರಬಾರದು, ಹಂಗ ಮಾಡಿ ತಗೊಂಡ ಹೋಗು."

ನೋಡಿದವರು ಹೆದರಬಾರದು. ದೂಮ ಗೇಟಿನ ಹತ್ತಿರ ನಿಂತು ಯೋಚಿಸಿದ. ಹೌದು, ಯೋಚಿಸಿದ, ಅದೇ ಅನಾಹುತ ಆದದ್ದು. ಪಕ್ಕದಲ್ಲಿ ದಾಸವಾಳದ ಗಿಡ, ತುಂಬ ಹೂ. ಮೂರು ಕಿತ್ತ. ಮೂರು ಕೋವಿಯ ಬಾಯಿಗೆ ಮೂರು ಹೂ ಸಿಕ್ಕಿಸಿದ. ರಿಕ್ಷಾ ಹೊರಟರೆ ಗಾಳಿಗೆ ಹೂ ಬೀಳುವುದಿಲ್ಲವಾ? ಬೀಳುತ್ತದೆ. ವಯರು ತುಂಬಿಸಿ ಹೆಗಲಿಗೆ ಹಾಕಿಕೊಂಡು ಬಂದದ್ದು ಅದೇ ಬಣ್ಣದ ಚೀಲ, ಅದರ ತಳದಲ್ಲಿ ಪುಟ್ಟಿ ಇತ್ತಲ್ಲ.

ಮನೆಮುಂದೆ ರಿಕ್ಷಾ ನಿಂತಾಗ ಜಲಜಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಮಗನ ತೋಳಿನಲ್ಲಿ ಮೂರು ಕೋವಿ, ಕೋವಿಯ ಬಾಯಲ್ಲಿ ಕೆಂಪು ದಾಸವಾಳ. ಅವಳಿಗೆ ಸಂತೋಷವಾಯಿತು. ಪೂಜೆ ಮಾಡಿಸಿ ತಂದಿದ್ದಾನೆ ಅಂದುಕೊಂಡಳು. ಕಡೆಗೂ ಮಗನಿಗೆ ಬುದ್ಧಿ ಬಂತು ಅಂತ ಅವನ ಕೆನ್ನೆ ಸವರಿದಳು. ಆ ಒಂದು ಗಳಿಗೆ ಅವಳು ಎಷ್ಟು ಚಂದ ಕಾಣುತ್ತಿದ್ದಳು ಅಂತ ನೋಡಿದವರು ಈಗಲೂ ಹೇಳ್ತಾರೆ.

ಅಂಗಡಿಯಲ್ಲಿ ಎಲ್ಲ ಜೋಡಿಸಿದರು. ಮಕ್ಕಳು ಮೊದಲೇ ಬಂದು ಸಾಲು ನಿಂತಿದ್ದರು. ಜಲಜಕ್ಕ ಹೂ ಎಳೆದಳು. ಎಸಳು ಕೈಗೆ ಬಂತು, ತೊಟ್ಟು ಬರಲಿಲ್ಲ. ಒಳಗೆ ಪುಟ್ಟಿ ಕಲ್ಲಾಗಿತ್ತು. ಮಕ್ಕಳು ಟ್ರಿಗರ್ ಎಳೆದರು. ಬಾತುಕೋಳಿಗಳು ಒಂದೊಂದಾಗಿ ಎದ್ದು, ನಿಧಾನಕ್ಕೆ ಹಾರಿ, ಆಚೆ ಬದಿಯಿಂದ ಹೊರಟುಹೋದವು. ಒಂದೂ ಬೀಳಲಿಲ್ಲ.

ಜಲಜಕ್ಕ ತಲೆಯ ಹೇರ್‌ಪಿನ್ ತೆಗೆದು ಪುಟ್ಟಿ ಕೆದಕಿದಳು. ಪುಟ್ಟಿ ಬಂತು. ಅದರ ಜೊತೆ ಒಳಗಿನ ಗಾಜಿನ ಕಣ್ಣೂ ಬಂತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಬಹಳ ಮೆಲ್ಲಗೆ ಕೆದಕಿದಳು. ಅದಕ್ಕೂ ಹಾಗೇ. ಮಕ್ಕಳು ಸ್ವಲ್ಪ ಹೊತ್ತು ನಿಂತು, ಹೋದರು.

"ದೂಮ, ಅದರ ಕಣ್ಣು ಇದ್ದದ್ದೇ ಬಾಯಲ್ಲಿ ಮಾರಾಯ. ಕುರುಡು ಮಾಡಿದ್ಯಲ್ಲ," ಅಂದಳು. ದೊಡ್ಡ ದನಿ ಬರಲಿಲ್ಲ. ಬೈದು ಬೈದು ಗಂಟಲೂ ಸೋತಿತ್ತು.

"ಯಾರೂ ಹೆದರ್ಲಿಲ್ಲ ಅಮ್ಮ," ಅಂದ ದೂಮ.

ಬೆಳಗಾದರೆ ಶಾಲೆಗೆ ರಜೆ. ಬೆಳಗಾಯಿತು. ಕೋಳಿಯವನು ಟೇಪು ಹಿಡಿದು ಶಟರಿನ ಅಗಲ ಅಳೆಯುತ್ತಿದ್ದ. ಜಲಜಕ್ಕ ಸೆರಗು ಬಿಗಿದು ಕಟ್ಟಿದಳು. ಇನ್ನೊಂದು ಕೋವಿ ಕಸ್ಟಮ್ಸಿನಲ್ಲಿ ಉಂಟಲ್ಲ, ನಮೂನೆಯದ್ದು. ಅದೊಂದಿದ್ದರೆ ಸಾಕು. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಆಡಿಯಾರು. ಮೊಣಕಾಲು ಹೋದರೆ ಹೋಗಲಿ, ತಾನೇ ಹೋಗುವುದು ಅಂತ ಹೊರಟಳು. ಆದರೆ ಅವಳು ಬರುವುದರೊಳಗೆ ರೈಗಳು ಖಾಲಿ ಮಾಡುವ ನೋಟೀಸನ್ನು ಶಟರಿನ ಅಡಿಯಿಂದ ನೂಕಿಸಿದರೆ? ಅದನ್ನು ದೂಮ ಹಲ್ಲು ಬಿಟ್ಟುಕೊಂಡು ತೆಗೆದುಕೊಂಡರೆ?

"ದೂಮ, ಶಟರು ಎಳೆದು ಒಳಗೆ ಕೂತ್ಕೋ. ಯಾರು ಬಡಿದ್ರೂ ತೆಗೀಬೇಡ. ಯಾರು ಕರೆದ್ರೂ ಓ ಅನ್ಬೇಡ. ಅಡಿಯಿಂದ ಎಂತ ನೂಕಿದ್ರೂ ತಕ್ಕೊಳ್ಬೇಡ, ತಿರುಗಿ ಹೊರಗೆ ನೂಕು. ಯಾರೇ ಆಗಲಿ. ನಾನು ಸಾಕು ಅನ್ನುವವರೆಗೆ."

"ಯಾರೇ ಆಗ್ಲಿ," ಅಂದ ದೂಮ. ಶಟರು ಕೆಳಗಿಳಿಯಿತು.

ಜಲಜಕ್ಕ ಮೊದಲು ರೈಗಳ ಮನೆಗೆ ಹೋದಳು. ಕಾಲು ಎಳೆದುಕೊಂಡು ಬಂದವಳನ್ನು ನೋಡಿ ಅವರ ಮನಸ್ಸು ಕರಗಿತು. "ಆಯ್ತು ಮಾರಾಯ್ತಿ, ಇವತ್ತು ಸಂಜೆಯವರೆಗೆ. ಸಂಜೆ ಒಂದು ಬಾತುಕೋಳಿ ಬಿದ್ದ ಶಬ್ದ ಕೇಳಿದ್ರೆ ಕೋಣೆ ನಿಂದೇ." ಜಲಜಕ್ಕ ಖುಷಿಯಲ್ಲಿ ದಾರಿಯ ಹೋಟೆಲಿನಿಂದ ದೂಮನಿಗೆ ಗೋಳಿಬಜೆ ಕಟ್ಟಿಸಿಕೊಂಡಳು. ಪಾಪ, ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ.

ಕಸ್ಟಮ್ಸಿನಲ್ಲಿ ಇಂದುಮತಿ ಮೇಡಂ ಕುರ್ಚಿಯಿಂದ ಎದ್ದೇ ನಿಂತರು. "ನೀವು ದೂಮನ ತಾಯಿ ಹೌದಿಲ್ಲೋ? ಛಲೋ ಸುದ್ದಿ ಐತ್ರಿ. ನಮೂನೆ ಬಂದೂಕು ಪಾಸಾತು. ನಿಮ್ಮ ಮಗನ ಕೈಯಾಗ ಕೊಟ್ರ ಕೆಡತದ ಅಂತ ಮಾಚಯ್ಯನ ಕೈಯಾಗ ನಿಮ್ಮ ಅಂಗಡಿಗೇ ಕಳಸೇನಿ. ಈಗ ಅಲ್ಲೇ ಇರಬೇಕು."

ಜಲಜಕ್ಕ ಕೈ ಮುಗಿದಳು. ಮುಗಿದ ಕೈ ಹಾಗೇ ನಿಂತಿತು. ಬೆಳಿಗ್ಗೆ ತಾನು ಹೇಳಿದ ಮಾತು ಒಂದೊಂದಾಗಿ ನೆನಪಾಯಿತು. ಯಾರೇ ಆಗಲಿ ಅಂದಿದ್ದಳಲ್ಲ. ಬಾತ ಕಾಲಿನಲ್ಲೇ ಓಡಿ ರಿಕ್ಷಾ ಹಿಡಿದಳು.

ಅಂಗಡಿಯ ಮುಂದೆ ಮಾಚಯ್ಯ ಶಟರು ಬಡಿದ. ಇಲ್ಲ. ಕೂಗಿದ. ಇಲ್ಲ. ಬಗ್ಗಿ ನೋಡಿದರೆ ಅಡಿಯ ಸಂದಿಯಲ್ಲಿ ದೂಮನ ಕಾಲು ಕಾಣುತ್ತದೆ.

"ದೂಮ, ನಾನಯ್ಯ, ಮಾಚಯ್ಯ. ನಿನ್ನ ಅಮ್ಮನ ಕೋವಿ ತಂದಿದ್ದೇನೆ."

ಕಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಮಾಚಯ್ಯ ಒಳ್ಳೆಯವನು, ಕೆಲಸ ಅರ್ಧಕ್ಕೆ ಬಿಡುವವನಲ್ಲ. ವಯರು ಸುತ್ತಿದ ಕೋವಿಯನ್ನು ಶಟರಿನ ಅಡಿಯಿಂದ ಮೆಲ್ಲಗೆ ಒಳಗೆ ನೂಕಿದ. ಅದು ಮೆಲ್ಲಗೆ ಹೊರಗೆ ಬಂತು. ಮತ್ತೆ ನೂಕಿದ. ಮತ್ತೆ ಬಂತು. ಗಟ್ಟಿಯಾಗಿ ನೂಕಿದ. ದೂಮ ಕಸಬರಿಕೆಯ ಹಿಡಿಯಿಂದ ಅದಕ್ಕಿಂತ ಗಟ್ಟಿಯಾಗಿ ನೂಕಿದ. ಕೋವಿ ಜಾರಿ, ಮೆಟ್ಟಿಲು ದಾಟಿ, ರಸ್ತೆಗೆ ಹೋಯಿತು. ಕೋಳಿಯವನು ಸಂಜೆಯವರೆಗೆಲ್ಲ ಕಾಯುವವನಲ್ಲ, ಅವನ ಲಾರಿ ಗೂಡುಗಳನ್ನು ಹೇರಿಕೊಂಡು ಹಿಂದಕ್ಕೆ ಬರುತ್ತಾ ಇತ್ತು.

ಮಾಚಯ್ಯ ಹಾರಿದ. ಎಟುಕಲಿಲ್ಲ. ಶಬ್ದ ಏನೂ ದೊಡ್ಡದಾಗಲಿಲ್ಲ, ಪ್ಲಾಸ್ಟಿಕ್ ಅಲ್ವಾ.

ಜಲಜಕ್ಕನ ರಿಕ್ಷಾ ಬಂದಾಗ ಮಾಚಯ್ಯ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಆರಿಸಿ ತನ್ನ ಟೋಪಿಗೆ ಹಾಕುತ್ತಿದ್ದ. ಎದ್ದು ನಿಂತು ಟೋಪಿಯನ್ನು ಅವಳ ಮುಂದೆ ಹಿಡಿದ. ಟೋಪಿಯಲ್ಲಿ ಕಪ್ಪು ಚೂರು, ವಯರು, ಅದರ ನಡುವೆ ಪುಡಿಯಾಗದೆ ಉಳಿದ ಕಡಲೆಕಾಳಿನಷ್ಟು ಗಾಜಿನ ಕಣ್ಣು.

ಜಲಜಕ್ಕ ಮೆಟ್ಟಿಲ ಮೇಲೆ ಕೂತಳು. ಬೈಯಬೇಕು ಅಂತ ಬಾಯಿ ತೆರೆದಳು. ಯಾರಿಗೆ ಬೈಯುವುದು? ಈ ಸಲ ಒಂದು ಅಕ್ಷರವೂ ತಪ್ಪಿಸದೆ ಮಾಡಿದ್ದ. ಮಾತು ಪೂರಾ ಅವಳದ್ದೇ. ಕೂತಲ್ಲೇ ಅವಳಿಗೆ ನೆನಪಾಯಿತು, ಮಗ ಇನ್ನೂ ಉಪವಾಸ. ಏನೇ ಆಗಲಿ, ಹೊಟ್ಟೆಗೆ ಹಾಕಬೇಕಲ್ಲ. ಗೋಳಿಬಜೆಯ ಕಟ್ಟನ್ನು ಶಟರಿನ ಅಡಿಯಿಂದ ಒಳಗೆ ಸರಿಸಿದಳು.

"ತಿನ್ನು ಮಗ. ಅಮ್ಮ ನಾನು."

ಕಟ್ಟು ಹೊರಗೆ ಬಂತು.

"ಹಸಿದಿದ್ದಿ, ತಿನ್ನು."

ಮತ್ತೆ ಹೊರಗೆ ಬಂತು, ಕಸಬರಿಕೆಯ ಹಿಡಿಯ ಜೊತೆ. ಕಾಗದ ಬಿಚ್ಚಿ ಗೋಳಿಬಜೆಗಳು ಉರುಳಿದವು. ಮೆಟ್ಟಿಲಿಳಿದು ಒಂದೊಂದಾಗಿ ಚರಂಡಿಗೆ ಬಿದ್ದವು. ಕೋಳಿಯವನು ಲಾರಿಯಿಂದ ಗೂಡು ಇಳಿಸುವುದನ್ನು ನಿಲ್ಲಿಸಿ ನೋಡಿದ.

"ಸಾಕು ದೂಮ," ಅಂದಳು ಜಲಜಕ್ಕ. "ಸಾಕು."

ಶಟರು ಗಡಗಡ ಅಂತ ಮೇಲೆದ್ದಿತು. ದೂಮ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದ. ಮುಖದ ತುಂಬ ನಗು.

"ಇವತ್ತು ನಾನು ಎಂತ ತಪ್ಪೂ ಮಾಡ್ಲಿಲ್ಲ ಅಮ್ಮ. ಎಲ್ಲ ಹೊರಗೇ ನೂಕಿದೆ."

ಅವನು ಕಾದ. ಬೈಗಳು ಬರುತ್ತದೆ, ಆಮೇಲೆ ಮುಂದೆ ಏನು ಮಾಡಬೇಕು ಅಂತ ಬರುತ್ತದೆ, ಅದು ಅವನಿಗೆ ಅಭ್ಯಾಸ. ಎರಡೂ ಬರಲಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಕಡೆ ಹೋಗಬೇಕು ಅಂತ ಗೊತ್ತಾಗದೆ ಅವನು ಕೋಣೆಯ ಬಾಗಿಲಲ್ಲೇ ನಿಂತ. ಸಂಜೆಗೆ ಕಾಯುವುದಕ್ಕೆ ಇನ್ನು ಕೋವಿಯೇ ಇಲ್ಲವಲ್ಲ, ಕೋಳಿಯ ಗೂಡುಗಳು ಅವನ ಎರಡೂ ಪಕ್ಕದಿಂದ ಒಳಗೆ ಹೋಗತೊಡಗಿದವು.

ಆ ಕೋಣೆಯಲ್ಲಿ ಈಗ ಕೋಳಿ ಸಿಗುತ್ತದೆ, ಬೇಕಾದವರು ಹೋಗಿ ತನ್ನಿ. ನನ್ನ ಕತೆ ಮಾತ್ರ ಮೆಟ್ಟಿಲ ಮೇಲೇ ಕೂತಿದೆ. ಸ್ವಲ್ಪ ಹೊತ್ತು ಬಿಟ್ಟು ದೂಮ ಅಮ್ಮನ ಪಕ್ಕ ಕೂತ, ಅವಳ ಖಾಲಿ ಕೈ ನೋಡಿದ, ಕೇಳಿದ:

"ಅಮ್ಮ, ಹಸಿವಾಗ್ತದೆ. ನಂಗೆ ತಿನ್ಲಿಕ್ಕೆ ಎಂತ ತಂದಿ?"